ಹನ್ನೆರಡು ಐವತ್ತೆಂಟರ ಉಲ್ಕೆ

ಭಾನುವಾರ ಬೆಳಗಿನ ಆರು ಗಂಟೆಗೆ ರೇವಣಸಿದ್ದನ ಫೋನು ಒಂದರ ಹಿಂದೊಂದು ಎಂಟು ಸಲ ಟಿಣ್ ಎಂದಿತು. ಭಾನುವಾರ ಆರಕ್ಕೇ ಗಡ್ಡ ಕೆರೆದುಕೊಳ್ಳುವ ಗಂಡಸು ಒಂದೋ ಪುರೋಹಿತನಾಗಿರಬೇಕು, ಇಲ್ಲವೇ ರಾತ್ರಿಯೆಲ್ಲ ನಿದ್ದೆ ಬಾರದವನಾಗಿರಬೇಕು; ಇವನು ಎರಡನೆಯ ಪಂಗಡ. ನೊರೆ ಮೆತ್ತಿದ ಬೆರಳಲ್ಲೇ ಫೋನನ್ನು ತಿರುಗಿಸಿ ನೋಡಿದ. ಗೇಟು, ಹಸಿರು. ಜನರೇಟರ್ ಕೋಣೆ, ಹಸಿರು. ಸಂಪು, ಹಸಿರು. ಆರನೆಯದು ಹಿಂದಿನ ಕಾಂಪೌಂಡ್ ಗೋಡೆ, ಅದೂ ಹಸಿರೇ. ಹೊಸ ಕಾವಲುಗಾರ ಚುರುಕಾಗಿದ್ದ. ಅರವತ್ತನಾಲ್ಕು ಮನೆಗಳ ಈ ಅಪಾರ್ಟ್‌ಮೆಂಟಿನ ಎಂಟು ಮೂಲೆಗಳಲ್ಲಿ ಎಂಟು ಕ್ಯೂಆರ್ ಕೋಡ್ ಸ್ಟಿಕ್ಕರು ಅಂಟಿಸಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗಂಟೆಗೊಮ್ಮೆ ಕಾವಲುಗಾರ ಅಲ್ಲಲ್ಲಿಗೆ ನಡೆದುಹೋಗಿ ಪ್ರತಿಯೊಂದಕ್ಕೂ ಫೋನು ತೋರಿಸಬೇಕು ಎಂಬ ನಿಯಮ ತಂದವನು ಇವನೇ. ತೋರಿಸಿದರೆ ಸೆಕ್ರೆಟರಿಯ ಫೋನಿನಲ್ಲಿ ಹಸಿರು, ತಪ್ಪಿಸಿದರೆ ಕೆಂಪು. ಸೆಕ್ರೆಟರಿ ಎಂದರೂ ಇವನೇ. ಬೇರೆ ಯಾರಿಗೂ ಬೇಡವಾದ ಕೆಲಸ. ಹಾಳೂರಿಗೆ ಉಳಿದವನೇ ಗೌಡ. ಆದರೆ ವಹಿಸಿಕೊಂಡ ಮೇಲೆ ಸುಮ್ಮನೆ ಕೂರುವ ಜಾಯಮಾನ ಇವನದಲ್ಲ. ಪೀಣ್ಯದ ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಕೂತು, ಕೂದಲೆಳೆಯಷ್ಟು ದಪ್ಪ ಹೆಚ್ಚಾದ ಪೀಸಿಗೂ ಕೆಂಪು ಚೀಟಿ ಹಚ್ಚಿ ಪಕ್ಕಕ್ಕಿಟ್ಟ ಕೈ ಅದು. ಆ ಕೈಯಲ್ಲಿದ್ದ ರೇಜರು ಈಗ ಗದ್ದವನ್ನು ಕೊಯ್ದಿತು.

ಹೊರಗೆ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಕೆಳಗೆ, ಸಂಘದ ಅಧ್ಯಕ್ಷ ಅಂಬರೀಶ್ ನಿನ್ನೆ ಸಂಜೆ ಕೊಟ್ಟುಹೋದ ಕಾಗದವಿತ್ತು. ರಾತ್ರಿ ಎಷ್ಟು ಸಲ ಎದ್ದು ಹೋಗಿ ಓದಿದ್ದನೆಂದರೆ ಈಗ ಕನ್ನಡಿಯಲ್ಲೂ ಅದರ ಸಾಲುಗಳು ಕಾಣುತ್ತಿದ್ದವು. 'ಬುಧವಾರ ರಾತ್ರಿ ಕಾವಲುಗಾರ ಸೊಣ್ಣಪ್ಪನು ಯಾರ ಅನುಮತಿಯೂ ಇಲ್ಲದೆ ಆವರಣದ ದೀಪಗಳನ್ನು ಆರಿಸಿ ನಿದ್ದೆಗೆ ಹೋಗಿದ್ದು, ಅನಂತರ ಕತ್ತಲಿನಲ್ಲಿ ಓಡಾಡಿ ಹಿತ್ತಲಿನ ಮಳೆನೀರಿನ ಇಂಗುಗುಂಡಿಗೆ ಬಿದ್ದಿರುತ್ತಾನೆ. ಇದರಲ್ಲಿ ಸಂಘದ ಹೊಣೆ ಏನೂ ಇರುವುದಿಲ್ಲ.' ಕೆಳಗೆ 'ಕಾರ್ಯದರ್ಶಿ' ಎಂದು ಬರೆದು ಸಹಿಗೆ ಜಾಗ ಬಿಟ್ಟಿತ್ತು. ಹನ್ನೊಂದು ಗಂಟೆಗೆ ಕೆಳಗಿನ ಹಾಲಿನಲ್ಲಿ ಸಭೆ. ಸಹಿ ಬಿದ್ದರೆ ಕಾಗದ ಕಾವಲುಗಾರರನ್ನು ಕಳಿಸುವ ಏಜೆನ್ಸಿಗೆ ಹೋಗುತ್ತದೆ, ನಿದ್ದೆಬಡುಕ ಎಂದು ಹೆಸರು ಬಿದ್ದ ಐವತ್ತೆಂಟರ ಸೊಣ್ಣಪ್ಪನನ್ನು ಇನ್ನು ಯಾವ ಗೇಟಿನಲ್ಲೂ ಯಾರೂ ಕೂರಿಸಿಕೊಳ್ಳುವುದಿಲ್ಲ. ಆ ಕಾಗದದಲ್ಲಿ ಸೊಣ್ಣಪ್ಪ ಬಿದ್ದದ್ದೊಂದೇ ನಿಜ. ದೀಪ ಆರಿಸು ಎಂದು ಹೇಳಿದವನು ರೇವಣಸಿದ್ದ.

"ಒಂದು ಸೈನ್ ಹಾಕ್ಬಿಡಿ ಸೆಕ್ರೆಟ್ರಿ ಸಾರ್, ಮುಗ್ದೋಯ್ತು," ಎಂದಿದ್ದ ಅಂಬರೀಶ್, ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ. "ನೀವು ಕರೆಕ್ಟಾಗಿದೀರ ಬಿಡಿ. ರಾತ್ರಿ ಎರಡು ಗಂಟೆಗೂ ಗ್ರೂಪಲ್ಲಿ ಉತ್ತರ ಕೊಟ್ಟಿದೀರಲ್ಲ, ಬೆಳಿಗ್ಗೆ ವಿಚಾರಿಸ್ತೀನಿ ಅಂತ. ಇನ್ನೇನ್ ಪ್ರೂಫ್ ಬೇಕು? ಅಂಥ ಟೈಮಲ್ಲಿ ಎದ್ದಿರೋ ಸೆಕ್ರೆಟ್ರಿ ಯಾವ ಅಪಾರ್ಟ್‌ಮೆಂಟಲ್ಲಿ ಇದಾರೆ ಹೇಳಿ." ಹಾಗೆ ಹೇಳಿ ಭುಜ ತಟ್ಟಿದ. ಅಂಬರೀಶ್ ಹೋದ ಮೇಲೆ ರೇವಣಸಿದ್ದ ತಟ್ಟಿಸಿಕೊಂಡ ಭುಜವನ್ನು ಒಮ್ಮೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಕಥೆ ನೆನಪಾಗಿ ಒಬ್ಬನೇ ನಾಚಿದ. ಸದ್ಯ, ಹೆಂಡತಿ ಶಿವಲೀಲಾ ಅಡುಗೆಮನೆಯಲ್ಲಿದ್ದಳು.

ಬುಧವಾರ ರಾತ್ರಿ ಅವಳು ಮಲಗಿಬಿಟ್ಟಿದ್ದಳು. ಇವನೂ ಮಗಳು ರಕ್ಷಿತಾಳೂ ಚಾಪೆ, ರಗ್ಗು, ಎರಡು ಮಂಕಿ ಕ್ಯಾಪು, ಫ್ಲಾಸ್ಕಿನಲ್ಲಿ ಬಿಸಿ ಹಾಲು ಹಿಡಿದು ಕಳ್ಳಹೆಜ್ಜೆಯಲ್ಲಿ ನಾಲ್ಕನೆಯ ಮಹಡಿ ದಾಟಿ ತಾರಸಿಗೆ ಹೋದರು. ರಕ್ಷಿತಾ ಏಳನೆಯ ಕ್ಲಾಸು. ಆ ರಾತ್ರಿ ಮಿಥುನ ರಾಶಿಯ ಕಡೆಯಿಂದ ಗಂಟೆಗೆ ನೂರರವರೆಗೂ ಉಲ್ಕೆ ಬೀಳುತ್ತವೆ, ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಂಡು ಬನ್ನಿ ಎಂದು ವಿಜ್ಞಾನದ ಮಿಸ್ ಹೇಳಿದ್ದರಂತೆ. ಹೊಸ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಐದು ಅಂಕಣ ಮಾಡಿಕೊಂಡಿದ್ದಳು: ಸಮಯ, ದಿಕ್ಕು, ಬಣ್ಣ, ಅವಧಿ, ವಿಶೇಷ. ತಾರಸಿಯ ಬಾಗಿಲಲ್ಲಿ 'ರಾತ್ರಿ ಎಂಟರ ನಂತರ ಪ್ರವೇಶವಿಲ್ಲ' ಎಂಬ ಬೋರ್ಡಿತ್ತು. ಕೆಳಗೆ ಇವನದೇ ಸಹಿ. ಎರಡು ತಿಂಗಳ ಹಿಂದೆ ಹುಣ್ಣಿಮೆಯ ದಿನ ಹೊಸದಾಗಿ ಮದುವೆಯಾದ ಜೋಡಿಯೊಂದು ಅಲ್ಲಿ ನಿಂತಿದ್ದಾಗ ಟಾರ್ಚು ಬಿಟ್ಟು ಕೆಳಗಿಳಿಸಿದ್ದ. ಆ ಹುಡುಗಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದದ್ದು ಈಗಲೂ ಕಣ್ಣಿಗೆ ಕಟ್ಟಿತ್ತು. ಆದರೂ ಬೀಗ ತೆಗೆಯುವಾಗ ಕೈ ಅಳುಕಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಗಳಿಗಾಗಿ ಎಂದುಕೊಂಡರೆ ಯಾವ ಬದನೆಕಾಯಿಯೂ ಗಂಟಲಲ್ಲಿ ಇಳಿಯುತ್ತದೆ.

ಪೀಣ್ಯದ ಆಕಾಶಕ್ಕೆ ರಾತ್ರಿಯಾಗುವುದೇ ಇಲ್ಲ. ತುಮಕೂರು ರಸ್ತೆಯ ಬೆಳಕು, ಕಾರ್ಖಾನೆಗಳ ಬೆಳಕು, ಡಿಸೆಂಬರಿನ ಮಂಜಿನ ಜೊತೆ ಕಲಸಿಕೊಂಡು ತೊಳೆಯದ ಪಾತ್ರೆಯ ತಳದಂತೆ ಮೇಲೆ ಕವುಚಿರುತ್ತದೆ. ಹದಿನೈದು ನಿಮಿಷ ಮಲಗಿ ನೋಡಿದರೂ ಒಂದು ವಿಮಾನ ಬಿಟ್ಟು ಏನೂ ಕಾಣಲಿಲ್ಲ. ರಕ್ಷಿತಾ ಪೆನ್ಸಿಲ್ಲಿನ ತುದಿ ಕಚ್ಚುತ್ತ, "ಬೇರೆಯವ್ರ ಲೈಟ್ ಬಿಡಪ್ಪ, ನಮ್ಮ ಲೈಟೇ ಜಾಸ್ತಿ," ಎಂದಳು. ಅದು ನಿಜ. ಹಿತ್ತಲಿನ ನಾಲ್ಕು ದೊಡ್ಡ ದೀಪಗಳು ತಾರಸಿಯ ಅಂಚಿನ ಮೇಲೆ ಹಾಲು ಚೆಲ್ಲಿದಂತೆ ಬೆಳಕು ಚೆಲ್ಲುತ್ತಿದ್ದವು. ಆಗ ಅವನಿಗೆ ಬಂದದ್ದು ಹೆಮ್ಮೆ, ಬೇರೇನಲ್ಲ. ಇದು ನನ್ನ ಕೈಯಲ್ಲಿದೆ, ಆಕಾಶವನ್ನೇ ನಿನಗೆ ತೆರೆದು ಕೊಡುತ್ತೇನೆ ನೋಡು ಎಂಬ ಹೆಮ್ಮೆ. ಎದ್ದು ಲಿಫ್ಟ್ ಕೋಣೆಯ ಗೋಡೆಯಲ್ಲಿದ್ದ ಇಂಟರ್‌ಕಾಮಿನಲ್ಲಿ ಗೇಟಿಗೆ ಕರೆ ಮಾಡಿದ.

"ಸೊಣ್ಣಪ್ಪಾ, ಹಿಂದಿನ ನಾಲ್ಕು ಲೈಟು ಸ್ವಲ್ಪ ಆಫ್ ಮಾಡಪ್ಪ."

"ಸಾ, ಇಂದ್ಗಡೆ ಗುಂಡಿ ಮುಚ್ಚಳ ತೆಗ್ದವ್ರೆ. ಊಳು ತೆಗೆಯೋರು ಅಂಗೇ ಬುಟ್ಟೋಗವ್ರೆ."

"ಹತ್ತು ನಿಮಿಷ ಅಷ್ಟೇ. ಮಗು ಉಲ್ಕೆ ನೋಡ್ಬೇಕಂತೆ. ನಾನೇ ಹೇಳ್ತೀನಿ, ಆಮೇಲೆ ಹಾಕು."

"ಆಗ್ಲಿ ಸಾ. ನೋಡ್ಲಿ ಪಾಪ."

ಹನ್ನೆರಡೂಕಾಲಿಗೆ ಕತ್ತಲೆ ಬಂತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ನಡುವೆ ಫೋನು ನೋಡಿದರೆ ಮತ್ತೆ ಮೊದಲಿನಿಂದ ಎಂದು ರಕ್ಷಿತಾ ತಾಕೀತು ಮಾಡಿದಳು. ತನ್ನ ಟಾರ್ಚಿಗೆ ಕೆಂಪು ಕಾಗದ ಸುತ್ತಿ ತಂದಿದ್ದಳು. ಮೆಲ್ಲಮೆಲ್ಲನೆ ಕಪ್ಪು ತಳದಿಂದ ಚುಕ್ಕಿಗಳು ಮೇಲೆದ್ದವು. ಹನ್ನೆರಡೂವರೆಗೆ ಮೊದಲನೆಯದು ಬಿತ್ತು, ಉಗುರಿನಲ್ಲಿ ಗೀರಿದಷ್ಟು. ಆಮೇಲೆ ಇನ್ನೊಂದು. ಮಗಳು ಇವನ ಕೈ ಹಿಡಿದುಕೊಂಡಳು. ವಯಸ್ಸು ಹನ್ನೆರಡು ತುಂಬಿದ ಮೇಲೆ ಅವಳು ಕೈ ಹಿಡಿಯುವುದನ್ನು ಬಿಟ್ಟುಬಿಟ್ಟಿದ್ದಳು, ಆ ಪುಟ್ಟ ತಣ್ಣನೆಯ ಬೆರಳುಗಳು ಬಂದು ಸೇರಿದಾಗ ಇವನಿಗೆ ಹತ್ತು ನಿಮಿಷದ ಮಾತು ಮರೆತೇ ಹೋಯಿತು. ಮರೆತೇಹೋಯಿತೇ? ಇಲ್ಲ. ನೆನಪಿತ್ತು, ಇನ್ನೊಂದು ಬೀಳಲಿ, ಆಮೇಲೆ ಹೇಳೋಣ ಎಂದು ಮುಂದಕ್ಕೆ ಹಾಕಿದ. ಮತ್ತೆ ಇನ್ನೊಂದು. ಹಾಗೆ ಒಂಬತ್ತಾದವು. ಹತ್ತನೆಯದು ನೆತ್ತಿಯಿಂದ ಪಡುವಣಕ್ಕೆ ಹಸಿರು ಬೆಳಕಿನಲ್ಲಿ ಎಷ್ಟು ದೊಡ್ಡದಾಗಿ ಉರಿದುಕೊಂಡು ಬಿತ್ತೆಂದರೆ ನೀರಿನ ಟ್ಯಾಂಕಿನ ನೆರಳು ನೆಲದ ಮೇಲೆ ಓಡಿತು. "ಅಪ್ಪಾ!" ಎಂದು ರಕ್ಷಿತಾ ಕಿರುಚಿದಳು. ಆ ಕಿರುಚಿನೊಳಗೇ, ಹಿಂದುಗಡೆಯಿಂದ, ಕೆಳಗಿನಿಂದ, ಧಡ್ ಎಂದು ಒಂದು ಸದ್ದಾಯಿತು. ಅದರ ಬೆನ್ನಿಗೆ ಇನ್ನೊಂದು ಚಿಕ್ಕ ಸದ್ದು, ನಾಯಿ ಕುಂಯ್ಗುಟ್ಟಿದಂತೆ.

ಆ ಸದ್ದು ಏನೆಂದು ಅವನಿಗೆ ತಿಳಿಯಿತೇ? ನಾಲ್ಕು ದಿನದಿಂದ ಅವನು ಅಳೆಯುತ್ತಿರುವುದು ಇದೊಂದನ್ನೇ. ಕಾರ್ಖಾನೆಯಲ್ಲಿ ಕಣ್ಣುಮುಚ್ಚಿ ಕೂತರೂ ಬಿದ್ದದ್ದು ಕಬ್ಬಿಣವೋ ಹಿತ್ತಾಳೆಯೋ, ಎರಕದಲ್ಲಿ ಬಿರುಕಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವ ಕಿವಿ ಅವನದು. ಅದು ಲೋಹ ಬಿದ್ದ ಸದ್ದಲ್ಲ. ಮರವೂ ಅಲ್ಲ. ರಾಗಿ ಮೂಟೆ ಬಿದ್ದಂತಿತ್ತು, ಆದರೆ ಮೂಟೆ ಬಿದ್ದ ಮೇಲೆ ನರಳುವುದಿಲ್ಲ. ಹಾಗಿದ್ದರೂ ಮಗಳು ಕುಣಿಯುತ್ತ, "ಶಬ್ದ ಬಂತಲ್ಲಪ್ಪಾ! ಉಲ್ಕೆಗೆ ಶಬ್ದ ಇರುತ್ತಾ?" ಎಂದು ಕೇಳಿದಾಗ ಅವನು ಕತ್ತಲೆಯಲ್ಲಿ ನಗುತ್ತ, "ದೊಡ್ಡದಕ್ಕೆ ಇರುತ್ತೆ ಪುಟ್ಟಿ," ಎಂದ. ಅವಳು ಕೆಂಪು ಬೆಳಕಿನಲ್ಲಿ ಬರೆದುಕೊಂಡಳು. ಹತ್ತು ನಿಮಿಷ ಕಳೆದ ಮೇಲೆ ಪಕ್ಕದಲ್ಲಿ ಫೋನು ಟಿಣ್ ಎಂದಿತು. ಕೆಂಪು: ಆರನೆಯ ಜಾಗ ತಪ್ಪಿದೆ. ಬೇರೆ ದಿನವಾಗಿದ್ದರೆ ಆ ಕ್ಷಣವೇ ಗೇಟಿಗೆ ಕರೆ ಮಾಡಿ ಗದರಿಸುತ್ತಿದ್ದ. "ಫೋನ್ ತೆಗೀಬೇಡಪ್ಪ, ಕಣ್ಣು ಹಾಳಾಗುತ್ತೆ!" ಎಂದಳು ರಕ್ಷಿತಾ. ಅವನು ಅದನ್ನು ಬೋರಲು ಮಾಡಿಟ್ಟ. ಪಾಪ, ಮುದುಕ, ಇವತ್ತೊಂದು ದಿನ ಬಿಡೋಣ ಎಂದುಕೊಂಡ. ಎರಡು ವರ್ಷದಲ್ಲಿ ಸೊಣ್ಣಪ್ಪನ ಮೇಲೆ ಅವನು ತೋರಿಸಿದ ಕರುಣೆ ಅದೊಂದೇ.

ಒಂದೂಮುಕ್ಕಾಲಿಗೆ ಕೆಳಗಿಳಿದು ಮಲಗಿದರು. ದೀಪ ಹಾಕಲು ಹೇಳಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಎರಡನೇ ಶಿಫ್ಟು ಮುಗಿಸಿ ಬಂದವರು ಯಾರೋ ಗ್ರೂಪಿನಲ್ಲಿ, 'ಹಿಂದೆ ಎಲ್ಲ ಕತ್ತಲೆ, ಗೇಟಲ್ಲಿ ಸೆಕ್ಯೂರಿಟಿ ಇಲ್ಲ, ಎಲ್ಲೋ ಮಲಗಿದ್ದಾನೆ' ಎಂದು ಹಾಕಿದರು. ರಗ್ಗಿನೊಳಗೆ ಫೋನು ಬೆಳಗಿತು. ಆಗಲೂ ಏಳಬಹುದಿತ್ತು. 'ನಾನೇ ಆರಿಸಲು ಹೇಳಿದ್ದೆ' ಎಂದು ಬರೆಯಲು ಎಷ್ಟು ಹೊತ್ತು? ಆದರೆ ಬರೆದರೆ ತಾರಸಿಯ ಬೀಗ, ಎಂಟರ ಬೋರ್ಡು, ಆ ಹೊಸ ಜೋಡಿ, ಎಲ್ಲ ಹೊರಗೆ ಬರುತ್ತಿತ್ತು. ಅರವತ್ತಮೂರು ಮನೆಯವರು ನಗುತ್ತಿದ್ದರು. ಅಷ್ಟಕ್ಕೆ, ಕೇವಲ ಅಷ್ಟಕ್ಕೆ, 'ಬೆಳಿಗ್ಗೆ ವಿಚಾರಿಸುತ್ತೇನೆ' ಎಂದು ಬರೆದು, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ರಗ್ಗನ್ನು ಮುಖದ ಮೇಲೆ ಎಳೆದುಕೊಂಡ. ನಿದ್ದೆಯೂ ಬಂತು. ನಿದ್ದೆ ಬಂದದ್ದನ್ನು ನೆನೆದಾಗಲೇ ಅವನಿಗೆ ತನ್ನ ಮೇಲೆ ಅತ್ಯಂತ ಹೇಸಿಗೆಯಾಗುತ್ತಿದ್ದುದು. ಐದೂವರೆಗೆ ಕಸ ಗುಡಿಸುವ ಮರೆವ್ವ ಗುಂಡಿಯ ಅಂಚಿನಲ್ಲಿ ಒಂದು ಚಪ್ಪಲಿ ಕಂಡು ಬಗ್ಗಿ ನೋಡಿ ಕೂಗಿಕೊಂಡಳು. ಎಂಟಡಿ ಆಳದ ಸಿಮೆಂಟ್ ರಿಂಗಿನ ತಳದಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ ಸೊಣ್ಣಪ್ಪ ಗೋಡೆಗೊರಗಿ ಕೂತಿದ್ದ. ಆರನೆಯ ಸ್ಟಿಕ್ಕರು ಇದ್ದದ್ದು ಆ ಗುಂಡಿಯ ಆಚೆಗಿನ ಗೋಡೆಯಲ್ಲಿ.

"ಮುಖ ಯಾಕೆ ಹಿಂಗ್ ಕೊಯ್ಕೊಂಡೀರಿ?" ಎಂದಳು ಶಿವಲೀಲಾ, ಗದ್ದದ ಮೇಲಿನ ರಕ್ತ ನೋಡಿ. ಅವಳದು ದಾವಣಗೆರೆಯ ದನಿ, ಇಪ್ಪತ್ತು ವರ್ಷದ ಬೆಂಗಳೂರಿಗೆ ಅದನ್ನು ಏನೂ ಮಾಡಲಾಗಿರಲಿಲ್ಲ. ಇವನು ಸೊಣ್ಣಪ್ಪನನ್ನು ನೋಡಿಕೊಂಡು ಬರುತ್ತೇನೆ ಎಂದ. ಅವಳು ತಲೆಯಾಡಿಸಿ ಚೀಲಕ್ಕೆ ನಾಲ್ಕು ಮೂಸಂಬಿ, ಒಂದು ಬ್ರೆಡ್ಡು ಹಾಕಿದಳು. "ಬರಿಗೈಲಿ ಹೋಗ್ಬ್ಯಾಡ್ರಿ. ನೀವಾದ್ರೂ ಹೊಂಟ್ರಲ್ಲ, ಉಳಿದೋರು ಯಾರೂ ಹೋಗ್ಲಿಲ್ಲ." ಹೊಗಳಿಕೆಯೂ ಚುಚ್ಚುತ್ತದೆ ಎಂದು ಗೊತ್ತಾದದ್ದು ಈ ನಾಲ್ಕು ದಿನದಲ್ಲೇ. ಬಾಗಿಲು ತೆಗೆಯುವಷ್ಟರಲ್ಲಿ ರಕ್ಷಿತಾ ಕಣ್ಣುಜ್ಜುತ್ತ ನೋಟ್‌ಬುಕ್ ಹಿಡಿದು ಬಂದಳು. "ಅಪ್ಪಾ, ನಾಳೆ ಸಬ್ಮಿಟ್ ಮಾಡ್ಬೇಕು. ಉಲ್ಕೆಗೆ ಶಬ್ದ ಬರಲ್ಲ, ಬಂದ್ರೂ ಎಷ್ಟೋ ಹೊತ್ತಾದ್ಮೇಲೆ ಬರುತ್ತೆ ಅಂತಾರೆ ಮಿಸ್ಸು. ಜೊತೇಲಿ ಇದ್ದೋರು ಕೇಳಿದ್ರೆ ಸೈನ್ ಹಾಕ್ಸ್ಕೊಂಡು ಬಾ, ಇಲ್ದಿದ್ರೆ ಆ ಸಾಲು ಹೊಡೆದುಹಾಕು ಅಂದ್ರು. ನೀನು ಕೇಳಿದ್ಯಲ್ಲ?" ಬಂದ ಮೇಲೆ ನೋಡೋಣ ಎಂದು ಅವನು ಮೆಟ್ಟಿಲಿಳಿದ. ಒಂದೇ ಬೆಳಿಗ್ಗೆ ಎರಡು ಕಡೆ ಸಹಿ ಬೇಕಾಗಿತ್ತು.

ಲಗ್ಗೆರೆಯ ಒಳಗೆ ಸೊಣ್ಣಪ್ಪನ ಮನೆಗೆ ನಡೆದರೆ ಅರ್ಧ ಗಂಟೆ. ನಡೆದೇ ಹೋದ. ಬಿಸಿಲು ಇನ್ನೂ ಎಳೆಯದು, ರಸ್ತೆಯ ಎರಡೂ ಬದಿ ಅವರೆಕಾಯಿ ರಾಶಿ, ಅದರ ಸೊಗಡಿನ ವಾಸನೆ. ಹೋಗಿ ಏನು ಹೇಳುವುದು? ಅವನು ಹೊರಟದ್ದು ಕ್ಷಮೆ ಕೇಳಲು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಯಶವಂತಪುರದ ಕಡೆಗೆ ತಿರುಗುವ ಸಿಟಿ ಬಸ್ಸಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಾಗ, ತಾನು ಹೋಗುತ್ತಿರುವುದು ಸೊಣ್ಣಪ್ಪ ಯಾರಿಗಾದರೂ ಬಾಯಿ ಬಿಟ್ಟಿದ್ದಾನೋ ಇಲ್ಲವೋ ತಿಳಿದುಕೊಳ್ಳಲು ಎಂಬುದು ಸ್ಪಷ್ಟವಾಗಿಬಿಟ್ಟಿತು. ಚೀಲದ ಮೂಸಂಬಿ ತೊಡೆಗೆ ಬಡಿಯುತ್ತಿತ್ತು. ಹಿಂದೊಮ್ಮೆ ಕಾರ್ಖಾನೆಯಲ್ಲಿ ತಾನೇ ಪಾಸು ಮಾಡಿದ ವಾಲ್ವೊಂದು ಗಿರಾಕಿಯ ಬಳಿ ಸೋರಿದಾಗ, ಹಸಿರು ಚೀಟಿಯ ಮೇಲಿನ ಸಹಿ ತನ್ನದಲ್ಲವೆಂದು ಸಾಧಿಸಲು ಆಗುತ್ತದೋ ಎಂದು ಅರ್ಧ ದಿನ ಯೋಚಿಸಿ, ಕೊನೆಗೆ ಧೈರ್ಯ ಸಾಲದೆ ಒಪ್ಪಿಕೊಂಡಿದ್ದ. ಅದನ್ನು ಎಲ್ಲರೂ ಪ್ರಾಮಾಣಿಕತೆ ಎಂದರು. ಅವನ ಪ್ರಾಮಾಣಿಕತೆಯೆಲ್ಲ ಹೀಗೇ, ತಪ್ಪಿಸಿಕೊಳ್ಳಲು ದಾರಿ ಸಿಗದಿದ್ದಾಗ ಉಳಿದದ್ದು. ಈ ಸಲ ದಾರಿ ಇತ್ತು, ಅಗಲವಾಗಿಯೇ ಇತ್ತು.

ಮನೆಯ ಮುಂದಿನ ಕಟ್ಟೆಯಲ್ಲಿ ಸೊಣ್ಣಪ್ಪನ ಹೆಂಡತಿ ಮುನಿಯಕ್ಕ ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಳು. ಕಾಳು ಬೆರಳಿನಿಂದ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತಿತ್ತು. ಇವನನ್ನು ನೋಡಿ ಎದ್ದಳು, ಚೀಲ ತೆಗೆದುಕೊಳ್ಳಲಿಲ್ಲ. "ಬನ್ನಿ," ಎಂದಳು ಅಷ್ಟೇ. ಒಳಗೆ ಕಬ್ಬಿಣದ ಮಂಚದ ಮೇಲೆ ಸೊಣ್ಣಪ್ಪ ಮಲಗಿದ್ದ. ಬಲಗಾಲು ತೊಡೆಯವರೆಗೆ ಬಿಳಿಯ ಪ್ಲಾಸ್ಟರಿನಲ್ಲಿ, ಪಕ್ಕೆಗೂ ಪಟ್ಟಿ. ಸಮವಸ್ತ್ರವಿಲ್ಲದೆ ಅವನನ್ನು ಇವನು ನೋಡಿದ್ದು ಇದೇ ಮೊದಲು. ಬನಿಯನ್ನಿನಲ್ಲಿ ಬೇರೆ ಯಾರೋ, ಊರಿನ ಹಿರಿಯನೊಬ್ಬನಂತೆ ಕಂಡ. ಸೊಣ್ಣಪ್ಪ ಏಳಲು ಹೋಗಿ ಪಕ್ಕೆ ಹಿಡಿದುಕೊಂಡ. ನಂತರ ಮೊದಲು ಕೇಳಿದ್ದು, "ಮಗೀಗೆ ಕಾಣ್ತಾ ಸಾ?" ಎಂದು.

ರೇವಣಸಿದ್ದ ಹಿಂತಿರುಗಿ ನೋಡಿದ. ಮುನಿಯಕ್ಕ ಬಾಗಿಲಲ್ಲಿ ನಿಂತಿದ್ದಳು. "ಏನು ಕಾಣೋದು?" ಎಂದಳು ಗಂಡನ ಕಡೆ ತಿರುಗಿ. ಸೊಣ್ಣಪ್ಪ, "ನಿಂಗಲ್ಲ, ನೀನು ಕಾಪಿ ಮಾಡೋಗು," ಎಂದ. ಅವಳು ಹೋಗಲಿಲ್ಲ. "ಲೈಟ್ ಆರ್ಸಿದ್ದು ಯಾಕೆ ಅಂತ ನಾಕು ದಿನದಿಂದ ಕೇಳ್ತಾ ಇವ್ನಿ ಸಾ, ಬಾಯೇ ಬುಡಾಕಿಲ್ಲ. ಏಜೆನ್ಸಿಯೋನು ಬಂದು ನಿನ್ ಗಂಡ ನಿದ್ದೆ ಮಾಡಾಕೆ ಆರ್ಸವ್ನೆ ಅಂದ. ಅಂಗಂತ ಬರೀತಾರಂತೆ. ಇಪ್ಪತ್ತೆರಡು ವರ್ಸ ಕಾವ್ಲು ಕಾದವ್ನೆ, ಮಗಳ ಮದ್ವೆ ದಿನ ರಾತ್ರೀನೂ ಡ್ಯೂಟಿಗೆ ಓದ. ಕಾಲು ಮುರ್ದಿದ್ದು ಮುರ್ದೋಯ್ತು. ಯೆಸ್ರೂ ಮುರೀಬ್ಯಾಡಿ ಅಂತ ಯೋಳಿ ಸಾ ಅವ್ರಿಗೆ. ನೀವು ದೊಡ್ಡೋರು, ನಿಮ್ಮ ಮಾತು ಕೇಳ್ತಾರೆ." ಹಾಗೆ ಹೇಳುತ್ತ ಅವಳು ಅಳಲಿಲ್ಲ, ಕೈ ಮುಗಿಯಲೂ ಇಲ್ಲ, ಅವರೆಯ ಸಿಪ್ಪೆ ಅಂಟಿದ್ದ ಬೆರಳುಗಳನ್ನು ಸೀರೆಗೆ ಒರೆಸಿಕೊಂಡು ಅವನ ಮುಖವನ್ನೇ ನೋಡಿದಳು. ಅವನು ತಲೆ ತಗ್ಗಿಸಿ, "ಹೇಳ್ತೀನಿ," ಎಂದ. ಅವಳು ಒಳಗೆ ಹೋದಳು.

"ನಾ ಯಾರ್ಗೂ ಯೋಳಿಲ್ಲ ಸಾ," ಎಂದ ಸೊಣ್ಣಪ್ಪ ಸಣ್ಣ ದನಿಯಲ್ಲಿ. ಕೇಳಬೇಕೆಂದು ನಡೆದು ಬಂದ ಮಾತು ಕೇಳದೆಯೇ ಸಿಕ್ಕಿತು, ಆದರೂ ಅದರಿಂದ ಎದೆ ಹಗುರವಾಗಲಿಲ್ಲ. "ನೀವೇ ಯೋಳ್ತೀರ ಅಂತ ಸುಮ್ಕಿದೀನಿ. ನಾ ಯೋಳುದ್ರೆ ಸಾಹೇಬ್ರ ಮ್ಯಾಲೆ ಆಕ್ತಾನೆ ಅಂತಾರೆ. ನೀವ್ ಯೋಳುದ್ರೆ ಮುಗೀತದೆ." ಅದರಲ್ಲಿ ಬೆದರಿಕೆ ಇರಲಿಲ್ಲ, ಚುಚ್ಚೂ ಇರಲಿಲ್ಲ. ನಾಳೆ ಬೆಳಗಾಗುತ್ತದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. ರೇವಣಸಿದ್ದ ಏನಾದರೂ ಕೇಳಬೇಕಲ್ಲ ಎಂದು, "ಕೂಗ್ಲಿಲ್ವೇನಪ್ಪ?" ಎಂದ. ಕೇಳಿದ ಕೂಡಲೇ ಯಾಕೆ ಕೇಳಿದೆನೋ ಎನ್ನಿಸಿತು.

"ಕೂಗ್ದೆ ಸಾ. ಪಕ್ಕೆ ಇಡ್ಕೊಂಡಿತ್ತು, ದನಿ ಏಳ್ಲಿಲ್ಲ. ಫೋನು ಕೆಸ್ರಲ್ಲಿ ಓಗಿತ್ತು. ನೀವಿಬ್ರೂ ಮ್ಯಾಲೆ ಮಾತಾಡೋದು ಕೇಳುಸ್ತಿತ್ತು. ಮಗು ನಗ್ತಿತ್ತು. ಇನ್ನೇನು ಲೈಟ್ ಆಕು ಅಂತ ಗೇಟ್ಗೆ ಫೋನ್ ಮಾಡ್ತಾರೆ, ನಾ ಎತ್ದೆ ಓದ್ರೆ ಉಡಿಕ್ಕೊಂಡು ಬತ್ತಾರೆ ಅಂದ್ಕೊಂಡೆ." ಮುಖದಲ್ಲಿ ಒಂದು ಬಗೆಯ ನಾಚಿಕೆಯ ನಗು ತಂದುಕೊಂಡ. "ಒಂದು ಮಾತ್ರ ಸಾ. ಆ ಗುಂಡಿ ಒಳಗಿಂದ ಸಕ್ಕತ್ತಾಗಿ ಕಾಣ್ತಿತ್ತು. ಸುತ್ತ ಗೋಡೆ ನೋಡಿ, ಒಂದು ಬೆಳ್ಕಿಲ್ಲ. ನಾ ಸಣ್ಣೋನಿದ್ದಾಗ ಅದೇ ಜಾಗ್ದಲ್ಲಿ ನಮ್ಮ ಚಿಕ್ಕಪ್ಪನ ಒಲ ಇತ್ತು, ರಾಗಿ ಕಾಯಾಕೆ ಮನಿಕ್ಕಂಡಾಗ ಕಂಡಿದ್ನಲ್ಲ, ಅಂಗೇ ಕೆರೆ ಕ್ವಾಡಿ ಬಿದ್ದಂಗೆ ಬಿದ್ವು ಚುಕ್ಕಿ. ಯಣಿಸ್ತಾ ಇದ್ದೆ. ನಿದ್ದೆ ಬಂದ್ರೆ ಏಳಾಕಿಲ್ಲ ಅಂತ ಬಯ ಆತು. ಅರವತ್ತರ ಮ್ಯಾಲೆ ಯಣಿಸ್ದೆ. ಆಮ್ಯಾಲೆ ಲೆಕ್ಕ ತಪ್ತು."

ಮುನಿಯಕ್ಕ ಕಾಫಿ ತಂದಳು. ಅವನು ಬಿಸಿಬಿಸಿಯಾಗಿಯೇ ನುಂಗಿ ಬಾಯಿ ಸುಟ್ಟುಕೊಂಡ. ಅವಳ ಮುಂದೆಯೇ, ಆಗಲೇ, ಆರಿಸಲು ಹೇಳಿದ್ದು ನಾನು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದು, ಸುಟ್ಟ ಜಾಗದಲ್ಲೇ ನಿಂತಿತು. ಚೀಲವನ್ನು ಮಂಚದ ಕಾಲಿಗೆ ಒರಗಿಸಿಟ್ಟು ಎದ್ದುಬಂದ. ತಿರುವಿನವರೆಗೂ ಅವಳ ಕಣ್ಣು ಬೆನ್ನ ಮೇಲಿತ್ತು. ದಾರಿಯುದ್ದಕ್ಕೂ ಅವನಿಗೆ ಕೇಳಿಸುತ್ತಿದ್ದುದು ತನ್ನದೇ ನಗು, 'ದೊಡ್ಡದಕ್ಕೆ ಇರುತ್ತೆ ಪುಟ್ಟಿ' ಎಂದು ಹೇಳುವಾಗಿನ ನಗು. ಎಂಟಡಿ ಆಳದಲ್ಲಿ ಕೂತು ಕೇಳಿದರೆ ಅದು ಹೇಗೆ ಕೇಳಿಸಿದ್ದೀತು? ಹೀಗೆ ಕೇಳಿಸಿದ್ದೀತೇ, ಇನ್ನೂ ಮೆಲ್ಲಗೆ ಕೇಳಿಸಿದ್ದೀತೇ ಎಂದು ಅಳೆಯುತ್ತ ನಡೆದ. ಒಬ್ಬ ತರಕಾರಿ ಗಾಡಿಯವನು, "ಅಣ್ಣ, ನೋಡ್ಕಂಡು," ಎಂದು ತೋಳು ಹಿಡಿದು ಪಕ್ಕಕ್ಕೆಳೆದ.

ಮನೆಗೆ ಬಂದಾಗ ಹತ್ತೂವರೆ. ಶಿವಲೀಲಾ ಸ್ನಾನಕ್ಕೆ ಹೋಗಿದ್ದಳು. ಮೇಜಿನ ಒಂದು ತುದಿಯಲ್ಲಿ ಜಾಡಿಯ ಕೆಳಗಿನ ಕಾಗದ, ಇನ್ನೊಂದು ತುದಿಯಲ್ಲಿ ನೋಟ್‌ಬುಕ್ಕು ಬಿಚ್ಚಿಕೊಂಡು ರಕ್ಷಿತಾ. ಫೋನಿನಲ್ಲಿ ಅಂಬರೀಶನ ಸಂದೇಶ: 'ಹತ್ತು ನಿಮಿಷ ಮುಂಚೆ ಬನ್ನಿ, ಮೊದ್ಲು ಸೈನ್ ಮುಗಿಸೋಣ.' ಅವನು ಮಗಳ ಪಕ್ಕದ ಕುರ್ಚಿಯಲ್ಲಿ ಕೂತ. ಹತ್ತನೆಯ ಸಾಲು ದುಂಡು ಅಕ್ಷರದಲ್ಲಿತ್ತು. 'ಸಮಯ 12-58. ನೆತ್ತಿಯಿಂದ ಪಶ್ಚಿಮಕ್ಕೆ. ಹಸಿರು. 3 ಸೆಕೆಂಡು. ಧಡ್ ಎಂದು ಶಬ್ದ ಬಂತು.' ಉಳಿದ ಯಾವುದರ ಅವಧಿಯೂ ಒಂದು ಸೆಕೆಂಡು ದಾಟಿರಲಿಲ್ಲ. ರಕ್ಷಿತಾ ಕಾಯುತ್ತಿದ್ದಳು. ಹೊಡೆದುಹಾಕು ಎಂದು ಹೇಳಿದರೆ ಒಂದು ಗೆರೆ ಎಳೆಯುತ್ತಾಳೆ, ಆ ಸದ್ದು ಕೇಳಿದವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಸೊಣ್ಣಪ್ಪ ತಾತ ಯಾವಾಗ ಬಿದ್ದದ್ದು ಎಂದು ಗುರುವಾರ ಅವಳು ಕೇಳಿದಾಗ ಬೆಳಗಿನ ಜಾವ ಎಂದು ಹೇಳಿ ತಾನೇ ಆಗಲೇ ಅರ್ಧ ಗೆರೆ ಎಳೆದಾಗಿತ್ತು.

"ಹೊಡೆದುಹಾಕ್ಲಾ?" ಎಂದಳು.

"ಬೇಡ. ಶಬ್ದ ಬಂದಿದ್ದು ನಿಜ."

"ಮತ್ತೆ ಮಿಸ್ಸು..."

"ಮಿಸ್ ಹೇಳಿದ್ದೂ ನಿಜ. ಅದು ಉಲ್ಕೆ ಶಬ್ದ ಅಲ್ಲ."

ರಕ್ಷಿತಾ ಹುಬ್ಬು ಗಂಟಿಕ್ಕಿದಳು. ಲೆಕ್ಕ ಬಿಡಿಸುವಾಗ ಹಾಗೆ ಮಾಡುತ್ತಾಳೆ. ಅವನು ನೋಡುತ್ತಿದ್ದಂತೆಯೇ ಗಂಟು ಸಡಿಲವಾಯಿತು, ಕಣ್ಣು ದೊಡ್ಡದಾಯಿತು, ಅಡುಗೆಮನೆಯ ಕಿಟಕಿಯ ಕಡೆ ಹೋಯಿತು. ಅಲ್ಲಿಂದ ಹಿಂದಿನ ಕಾಂಪೌಂಡ್ ಕಾಣುತ್ತದೆ. "ಸೊಣ್ಣಪ್ಪ ತಾತಾನಾ?" ಎಂದಳು, ಉಸಿರಿನಲ್ಲಿ. ಅವನು ಹೌದು ಎಂದು ತಲೆಯಾಡಿಸಿದ. "ನಾವು ಲೈಟ್ ಆಫ್ ಮಾಡ್ಸಿದ್ವಲ್ಲ, ಅದಕ್ಕಾ?"

"ನಾವಲ್ಲ. ನಾನು. ಗುಂಡಿ ತೆರೆದಿದೆ ಅಂತ ಅವನು ಹೇಳಿದ್ದ."

"ನಿಂಗೆ ಅವಾಗ್ಲೇ ಗೊತ್ತಾಯ್ತಾ? ಶಬ್ದ ಬಂದಾಗ್ಲೇ?"

ಇದೊಂದಕ್ಕೆ ಇಲ್ಲ ಎನ್ನಬಹುದಿತ್ತು. ಉಳಿದುದೆಲ್ಲ ಒಪ್ಪಿಕೊಂಡು ಇದೊಂದನ್ನು ತನ್ನೊಳಗೆ ಇಟ್ಟುಕೊಳ್ಳಬಹುದಿತ್ತು. ಯಾವ ಸಭೆಯೂ ಅದನ್ನು ಕೇಳುವುದಿಲ್ಲ, ಯಾವ ಫೋನಿನಲ್ಲೂ ಅದು ಕೆಂಪಾಗಿ ದಾಖಲಾಗಿಲ್ಲ. ಅವಳ ಕಣ್ಣು ಅವನ ಮುಖದ ಮೇಲಿತ್ತು.

"ಗೊತ್ತಾಯ್ತು," ಎಂದ.

ರಕ್ಷಿತಾ ಅಳುತ್ತಾಳೆ ಎಂದುಕೊಂಡ. ಅತ್ತಿದ್ದರೆ ಹತ್ತಿರ ಎಳೆದುಕೊಳ್ಳಬಹುದಿತ್ತು. ಅವಳು ಅಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು 'ಧಡ್ ಎಂದು ಶಬ್ದ ಬಂತು' ಎಂಬುದರ ಮುಂದೆ, 'ಸೊಣ್ಣಪ್ಪ ತಾತ ಗುಂಡಿಗೆ ಬಿದ್ದ ಶಬ್ದ' ಎಂದು ನಿಧಾನವಾಗಿ ಬರೆದಳು. ಜಾಗ ಸಾಲದೆ ಕೊನೆಯ ಅಕ್ಷರಗಳು ಅಂಚಿಗೆ ಇಳಿದವು. ಆಮೇಲೆ ತಲೆ ಎತ್ತದೆ, "ಎಷ್ಟೊತ್ತಿಗೆ ಎತ್ತಿದ್ರು ಅವ್ರನ್ನ?" ಎಂದಳು.

"ಐದೂವರೆಗೆ."

ಅವಳು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಅವಧಿಯ ಅಂಕಣದಲ್ಲಿದ್ದ 3 ಸೆಕೆಂಡನ್ನು ರಬ್ಬರಿನಿಂದ ಒರೆಸಿದಳು, ಧೂಳನ್ನು ಊದಿದಳು, ಅಲ್ಲಿ '4 ಗಂಟೆ 32 ನಿಮಿಷ' ಎಂದು ಬರೆದಳು. ಪುಸ್ತಕವನ್ನು ಅವನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಅವನು ಆ ಸಾಲಿನ ಪಕ್ಕದಲ್ಲಿ ಸಹಿ ಹಾಕಿದ. ಕಾರ್ಖಾನೆಯಲ್ಲಿ ದಿನಕ್ಕೆ ನೂರು ಸಲ ಹಾಕುವ ಅದೇ ಸಹಿ ಈಗ ಬೇರೆ ಯಾರದೋ ಕೈಬರಹದಂತೆ ಬಂತು. ಹತ್ತು ಗಂಟೆ ಐವತ್ತು ನಿಮಿಷ. ಎದ್ದು ಜಾಡಿಯ ಕೆಳಗಿನ ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡು, ನೋಟ್‌ಬುಕ್ಕಿಗೆ ಕೈ ಚಾಚಿದ.

"ಕೊಡು. ಕೆಳಗೆ ಎಲ್ಲರಿಗೂ ಇದನ್ನ ತೋರಿಸ್ಬೇಕು."

ರಕ್ಷಿತಾ ಅದನ್ನು ಎದೆಗೊತ್ತಿಕೊಂಡಳು. "ನಾನೇ ತರ್ತೀನಿ."

"ನೀನ್ಯಾಕಮ್ಮ? ದೊಡ್ಡೋರ ಮೀಟಿಂಗು."

"ಅಲ್ಲಿ ಹೋಗಿ ನೀನು ಬೇರೆ ಏನಾದ್ರೂ ಹೇಳಿದ್ರೆ?"

ಅವಳು ಚಪ್ಪಲಿ ಮೆಟ್ಟಿಕೊಂಡು ಮುಂದೆ ಹೋಗಿ ಲಿಫ್ಟಿನ ಗುಂಡಿ ಒತ್ತಿದಳು. ಬಾಗಿಲು ತೆರೆದಾಗ ಅವನು ಒಳಗೆ ಹೋಗುವವರೆಗೆ ಹೊರಗೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಅವನ ಪಕ್ಕದಲ್ಲಲ್ಲ, ಎದುರಿನ ಮೂಲೆಯಲ್ಲಿ ನಿಂತು, ಕೆಳಗಿನ ಮಹಡಿಯ ಗುಂಡಿಯನ್ನೂ ತಾನೇ ಒತ್ತಿದಳು.